ತೋಟಕ್ಕೆ ಒಂದು ಮಡಚದ ಚಾಕು ಬೇಕು: ಉಕ್ಕು ನೋಡಿ ತಗೊಳ್ಳುವುದಾ, ಹಿಡಿ ನೋಡಿ ತಗೊಳ್ಳುವುದಾ?

ತೋಟದ ದಾರಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಶಿರಸಿ ಕಡೆಯ ನಮ್ಮ ಮನೆಗೆ ವಾಪಸ್ ಬಂದು ಎಂಟು ತಿಂಗಳಾಯಿತು. ಅಡಿಕೆ, ಕಾಳುಮೆಣಸು, ಸ್ವಲ್ಪ ಬಾಳೆ. ದೊಡ್ಡ ಕತ್ತಿ ಮನೆಯಲ್ಲಿ ಮೂರಿವೆ, ಅಪ್ಪನ ಕಾಲದವು, ಇವತ್ತಿಗೂ ಗಟ್ಟಿ. ನನಗೆ ಬೇಕಿರುವುದು ಇಡೀ ದಿನ ಸೊಂಟದಲ್ಲೇ ಇರುವ ಒಂದು ಚಿಕ್ಕ ಚಾಕು. ಮೆಣಸಿನ ಬಳ್ಳಿ ಕಟ್ಟಿದ ಹಗ್ಗ ಕೊಯ್ಯಲು, ಡ್ರಿಪ್ ಪೈಪ್ ಕತ್ತರಿಸಲು, ಗೊಬ್ಬರದ ಚೀಲ ಬಿಚ್ಚಲು, ಊಟಕ್ಕೆ ಬಾಳೆ ಎಲೆ ತರಲು, ಆಗಾಗ ಒಂದು ಗೂಟ ಚೂಪು ಮಾಡಲು. ಮಡಚುವ ಚಾಕು ಎರಡು ಹಾಳಾದವು. ಸಂದಿಯಲ್ಲಿ ಮಣ್ಣು, ಬಾಳೆಯ ಸೋನೆ ಸೇರಿಕೊಂಡು ಒಂದು ದಿನ ತೆರೆಯುವುದೇ ಇಲ್ಲ.

ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಒಂದು ಮಡಚದ ಚಾಕು ತರಿಸಿದೆ, 1,400 ರೂಪಾಯಿ, ಕಂಪನಿ ಹೆಸರು ಬೇಡ. ಅಲಗಿನ ಮೇಲೆ ಉಕ್ಕಿನ ಹೆಸರು 'ಡಿ2' ಅಂತ ಕೊರೆದಿತ್ತು. ಮೂರನೇ ದಿನ ಅಡಿಕೆ ದಬ್ಬೆಯ ಗೂಟ ಕೆತ್ತುವಾಗ ಬಾಯಿ ಮಡಚಿತು. ಮುಕ್ಕಾಗಲಿಲ್ಲ, ಮಡಚಿತು, ಉಗುರು ಆಡಿಸಿದರೆ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಹತ್ತು ದಿನಕ್ಕೆ ಹಿಡಿ ಅಲುಗಾಡತೊಡಗಿತು. ಬಿಚ್ಚಿ ನೋಡಿದರೆ ಒಳಗೆ ಕಿರುಬೆರಳಿನ ಅರ್ಧ ಅಗಲದ ಬಾಲ (ಹಿಡಿಯೊಳಗೆ ಇಳಿಯುವ ಅಲಗಿನ ಭಾಗ), ಎರಡು ಇಂಚು ಕೂಡ ಇಲ್ಲ, ಸುತ್ತ ಬರೀ ಅಂಟು. ನಿಜವಾಗಲೂ ಬೇಜಾರಾಯಿತು.

ಈಗ ಮನಸ್ಸಿನಲ್ಲಿ ಇರುವುದು ಇಷ್ಟು: ಸ್ವೀಡನ್ನಿನ ಮೋರಾ ಕಂಪನಿಯ ಕಂಪ್ಯಾನಿಯನ್ ಚಾಕು ಸ್ಟೇನ್‌ಲೆಸ್ ಉಕ್ಕಿನದು, ಅದರದ್ದೇ ಕಾರ್ಬನ್ ಉಕ್ಕಿನದು, ಇಲ್ಲವೇ ಸ್ವಲ್ಪ ಜಾಸ್ತಿ ದುಡ್ಡು ಹಾಕಿ ಅದೇ ಕಂಪನಿಯ ಗಾರ್ಬರ್ಗ್. ಇವು ಯಾವುದೂ ಬೇಡ ಅಂದರೆ ನಮ್ಮ ಪಕ್ಕದೂರಿನ ಆಚಾರಿಯವರ ಕುಲುಮೆ. ಯಾವ ಉಕ್ಕು ಒಳ್ಳೆಯದು ಅಂತ ಓದಿ ಓದಿ ತಲೆ ಕೆಟ್ಟಿದೆ. ಬಳಸಿದವರು ಹೇಳಿ.

ಪೀಣ್ಯದ ಸಾಣೆ:
ನಾನು ಪೀಣ್ಯದಲ್ಲಿ ಡೈ, ಪಂಚ್ ಮಾಡುವ ಕಡೆ ಹದಿನಾಲ್ಕು ವರ್ಷ ಕೆಲಸ ಮಾಡಿದವನು. ಡಿ2 ನನಗೆ ದಿನಾ ಕೈಗೆ ಬರುವ ಉಕ್ಕು. ಇಂಗಾಲ ಸುಮಾರು 1.5%, ಕ್ರೋಮಿಯಂ ಸುಮಾರು 12%. ಸರಿಯಾಗಿ ಹದ ಮಾಡಿದರೆ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದರೆ, 60 ರಾಕ್‌ವೆಲ್ (ಗಟ್ಟಿತನದ ಅಳತೆ) ಹತ್ತಿರ ಬರುತ್ತದೆ. ಅಷ್ಟು ಗಟ್ಟಿಯಾದ ಬಾಯಿ ಅಡಿಕೆ ದಬ್ಬೆಗೆ ಮಡಚುವುದಿಲ್ಲ, ಬಲ ಜಾಸ್ತಿಯಾದರೆ ಸಣ್ಣಗೆ ಮುಕ್ಕಾಗುತ್ತದೆ. ನಿಮ್ಮದು ಮಡಚಿದೆ ಅಂದರೆ ಒಂದೋ ಅದು ಡಿ2 ಅಲ್ಲ, ಅಥವಾ ಡಿ2 ಹೌದು, ಆದರೆ ಹದ ಆಗಿಲ್ಲ. ಡಿ2ವನ್ನು 1,000 ಡಿಗ್ರಿ ದಾಟಿಸಿ ಕಾಯಿಸಿ, ಅಲ್ಲೇ ಹಿಡಿದು, ತಣಿಸಿ, ಮತ್ತೆ ಎರಡು ಸಲ ಕಡಿಮೆ ಬಿಸಿಯಲ್ಲಿ ಕೂರಿಸಬೇಕು. ಇದಕ್ಕೆ ಕರೆಂಟು, ಸಮಯ ಎರಡೂ ಬೇಕು. ಹೆಸರು ಕೊರೆಯಲು ಒಂದು ನಿಮಿಷ ಸಾಕು.

ಒಂದು ಪರೀಕ್ಷೆ ಮಾಡಿ. ಹೊಸ ಅರ ಒಂದನ್ನು ಬಾಯಿಯ ಹತ್ತಿರ ಮೆಲ್ಲಗೆ ಎಳೆಯಿರಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಟ್ಟಿ ಇದೆ. ಕಚ್ಚಿ ಪುಡಿ ಉದುರಿದರೆ ಮೆತ್ತಗಿದೆ. ಒಳ್ಳೆಯ ಚಾಕು ಇವೆರಡರ ನಡುವೆ, ಜಾರುವ ಕಡೆಗೆ ಇರುತ್ತದೆ.

ನನ್ನ ಅನುಭವದಲ್ಲಿ ಹೇಳುತ್ತೇನೆ, ಉಕ್ಕಿನ ಹೆಸರು ಕೇಳುವ ಮೊದಲು ಅದಕ್ಕೆ ಹದ ಯಾರು ಕೊಟ್ಟರು ಅಂತ ಕೇಳಿ. ಸಾಧಾರಣ ಉಕ್ಕಿಗೆ ಒಳ್ಳೆಯ ಹದ ಸಿಕ್ಕರೆ ಇಪ್ಪತ್ತು ವರ್ಷ ಬಾಳುತ್ತದೆ. ದುಬಾರಿ ಉಕ್ಕಿನ ಹದ ಕೆಟ್ಟರೆ ಅದು ತಗಡಿಗೆ ಸಮ.

ತೋಟದ ದಾರಿ:
ಸರ್, ಈಗಷ್ಟೇ ಮಾಡಿ ನೋಡಿದೆ. ಕಬ್ಬಿಣದ ಸರಳಿಗೆ ಅರ ಹಾಕಿದ ಹಾಗೆ ಕಚ್ಚಿತು, ಕಾಗದದ ಮೇಲೆ ಪುಡಿ ಬಿತ್ತು. ಅಪ್ಪನ ಕತ್ತಿಗೆ ಅದೇ ಅರ ಇಟ್ಟರೆ ಬಾಯಿಯ ಹತ್ತಿರ ಜಾರುತ್ತದೆ, ಬೆನ್ನಿನಲ್ಲಿ ಸ್ವಲ್ಪ ಕಚ್ಚುತ್ತದೆ. ಇದು ಸರಿನಾ?

ಪೀಣ್ಯದ ಸಾಣೆ:
ಅದೇ ಸರಿ. ನಿಮ್ಮ ಅಪ್ಪನ ಕತ್ತಿ ಮಾಡಿದವರು ಕೆಲಸ ಬಲ್ಲವರು. ಬಾಯಿ ಗಟ್ಟಿ, ಬೆನ್ನು ಮೆತ್ತಗೆ. ಕಡಿಯುವಾಗಿನ ಪೆಟ್ಟನ್ನು ಬೆನ್ನು ತಡೆದುಕೊಳ್ಳುತ್ತದೆ. ಆ ಆಚಾರಿಯವರು ಈಗಲೂ ಇದ್ದಾರಾ?

ಗಂಗೊಳ್ಳಿ ಅಕ್ಕ:
ನಮ್ಮ ಮನೆಯಲ್ಲಿ ಮೀನಿನ ಕೆಲಸ. ಕುಂದಾಪುರದ ಕಡೆ ಮನೆಮನೆಯಲ್ಲೂ ಮೆಟ್ಟುಕತ್ತಿ ಇರುತ್ತದೆ, ಕಾಲಲ್ಲಿ ಮೆಟ್ಟಿ ಕೂತು ಕೊಯ್ಯುವುದು. ಅದೂ ಮಡಚದ ಕತ್ತಿಯೇ ಅಲ್ವಾ. ನಮ್ಮದು ಅಜ್ಜಿಯ ಕಾಲದ್ದು, ಬರೀ ಕಪ್ಪು ಉಕ್ಕು, ನೀವು ಕಾರ್ಬನ್ ಅನ್ನುವುದು. ಅದರ ಹರಿತ ನಾನು ಬೇರೆ ಯಾವುದರಲ್ಲೂ ನೋಡಿಲ್ಲ. ಆದರೆ ಮೀನು ಕೊಯ್ದು ಹತ್ತು ನಿಮಿಷ ಹಾಗೇ ಬಿಟ್ಟರೆ ಕೆಂಪು ತುಕ್ಕು. ಉಪ್ಪುನೀರು ಅದನ್ನು ತಿಂದುಬಿಡುತ್ತದೆ. ಕೈಯಲ್ಲಿ ಹಿಡಿಯುವ ಚಾಕು ಮಾತ್ರ ಸ್ಟೇನ್‌ಲೆಸ್ ಇಟ್ಟಿದ್ದೇನೆ, ದೋಣಿಗೆ ಹೋಗುವವರೂ ಅದನ್ನೇ ಒಯ್ಯುತ್ತಾರೆ. ಅಲ್ಲಿ ಒರೆಸಿ ಎಣ್ಣೆ ಹಚ್ಚುತ್ತಾ ಕೂರಲು ಯಾರಿಗೆ ಪುರುಸೊತ್ತು ಮಾರಾಯ್ರೆ?

ನಿಮ್ಮದು ಶಿರಸಿ. ಮಳೆಗಾಲದಲ್ಲಿ ಗೋಡೆಯೇ ಬೆವರುವ ಊರು. ದಿನಾ ಸಂಜೆ ಎರಡು ನಿಮಿಷ ಚಾಕಿಗೆ ಕೊಡುತ್ತೇನೆ ಅನ್ನುವ ಹಾಗಿದ್ದರೆ ಕಪ್ಪು ಉಕ್ಕು ತಗೊಳ್ಳಿ. ಇಲ್ಲದಿದ್ದರೆ ಸ್ಟೇನ್‌ಲೆಸ್. ಮನಸ್ಸಿಗೆ ಸುಳ್ಳು ಹೇಳಿಕೊಂಡು ಕಪ್ಪು ಉಕ್ಕು ತರಬೇಡಿ, ಪಾಪ, ಒಳ್ಳೆಯ ಕತ್ತಿ ತುಕ್ಕು ಹಿಡಿದು ಹೋಗುವುದನ್ನು ನೋಡಲು ಆಗುವುದಿಲ್ಲ.

ಸ್ಟಾಕ್‌ಹೋಮ್ ಕನ್ನಡಿಗ:
ಮೋರಾ ಬಗ್ಗೆ ನಾನು ಹೇಳಬಲ್ಲೆ. ಇಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೋರಾ ಅನ್ನುವುದು ಡಾಲಾರ್ನಾ ಪ್ರಾಂತ್ಯದ ಒಂದು ಊರು, ಈಗಿನ ಕಂಪನಿಯ ಬೇರು 1891ರಲ್ಲಿ ಪಕ್ಕದ ಓಸ್ಟ್‌ನೂರ್ ಹಳ್ಳಿಯಲ್ಲಿ ಶುರುವಾದ ಕೆಲಸದಲ್ಲಿದೆ. ಇಲ್ಲಿ ಇದು ಹವ್ಯಾಸದವರ ಚಾಕು ಅಲ್ಲ. ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರ ಪಟ್ಟಿಯಲ್ಲೂ ಒಂದು ನೇತಾಡುತ್ತಿರುತ್ತದೆ, ಇಲ್ಲಿ ಬೆಲೆಯೂ ಕಡಿಮೆ.

ಕಂಪ್ಯಾನಿಯನ್ ಸ್ಟೇನ್‌ಲೆಸ್‌ನಲ್ಲಿ ಇರುವುದು 12ಸಿ27 ತರಹದ ಸ್ವೀಡಿಷ್ ಉಕ್ಕು. ಇಂಗಾಲ 0.6%, ಕ್ರೋಮಿಯಂ 13.5%. ಕಾಗದದ ಮೇಲೆ ನೋಡಿದರೆ ಏನೂ ವಿಶೇಷ ಇಲ್ಲ ಅನಿಸುತ್ತದೆ, ಡಿ2 ಪಕ್ಕ ಇಟ್ಟರೆ ಬಡವ. ಆದರೆ ಪೀಣ್ಯದ ಸರ್ ಹೇಳಿದ ಮಾತು ಇಲ್ಲಿ ಕಣ್ಣೆದುರಿಗೇ ಇದೆ. ಹದ ಪ್ರತಿ ಚಾಕಿಗೂ ಒಂದೇ ತರಹ ಇರುತ್ತದೆ. ನಾನು ಇಲ್ಲಿವರೆಗೆ ಐದು ತಗೊಂಡಿದ್ದೇನೆ, ಎರಡು ಊರಿನಲ್ಲಿ ತಮ್ಮನಿಗೆ ಕೊಟ್ಟಿದ್ದೇನೆ, ಒಂದರ ಬಾಯಿಯೂ ಮಡಚಿಲ್ಲ. ಮಸೆಯುವುದೂ ಸುಲಭ. ಬಾಯಿಯ ಎರಡೂ ಕಡೆ ಅಗಲವಾದ ಚಪ್ಪಟೆ ಇಳಿಜಾರು ಇದೆ, ಅದನ್ನು ಹಾಗೇ ಕಲ್ಲಿನ ಮೇಲೆ ಮಲಗಿಸಿ ಉಜ್ಜಿದರೆ ಆಯಿತು, ಕೋನ ಹುಡುಕುವ ಕೆಲಸವೇ ಇಲ್ಲ. ಮಸೆದು ಅಭ್ಯಾಸ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಚಾಕು ನನಗೆ ಗೊತ್ತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯಾನಿಯನ್‌ನ ಬಾಲ ಹಿಡಿಯ ಕೊನೆವರೆಗೆ ಹೋಗುವುದಿಲ್ಲ. ಅಲಗು 2.5 ಮಿಲಿಮೀಟರ್ ದಪ್ಪ. ಕೆತ್ತಿ, ಕೊಯ್ಯಿ, ಸೀಳು, ಎಲ್ಲ ಸರಿ. ಮೀಟುಗೋಲಿನ ಹಾಗೆ ಬಳಸಬೇಡಿ. ಗಾರ್ಬರ್ಗ್‌ನಲ್ಲಿ ಬಾಲ ಹಿಡಿಯ ತುದಿಯಿಂದ ಹೊರಗೆ ಕಾಣುವವರೆಗೆ ಬಂದಿದೆ, 3.2 ಮಿಲಿಮೀಟರ್ ದಪ್ಪ, ಸ್ಟೇನ್‌ಲೆಸ್ ಮಾದರಿಯಲ್ಲಿ ಉಕ್ಕು 14ಸಿ28ಎನ್. ಗಟ್ಟಿ ಚಾಕು. ಆದರೆ ಹಗ್ಗ, ಪೈಪು, ಬಾಳೆ ಎಲೆಗೆ ಅದರ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ.

ಘಟ್ಟದ ಚಾರಣ:
ನಾನು ಒಪ್ಪುವುದಿಲ್ಲ. ಮಡಚದ ಚಾಕು ತಗೊಳ್ಳುವುದೇ ಗಟ್ಟಿತನಕ್ಕೆ. ಬಾಲ ಅರ್ಧಕ್ಕೆ ನಿಂತರೆ ಮಡಚುವ ಚಾಕಿಗೂ ಇದಕ್ಕೂ ಏನು ವ್ಯತ್ಯಾಸ? ನನ್ನ ಹತ್ತಿರ 1095 ಅನ್ನುವ ಕಾರ್ಬನ್ ಉಕ್ಕಿನ, ಬಾಲ ಪೂರ್ತಿ ಇರುವ ಒಂದು ಚಾಕು ಇದೆ, 4.8 ಮಿಲಿಮೀಟರ್ ದಪ್ಪ. ಬೆನ್ನಿನ ಮೇಲೆ ಮರದ ತುಂಡಿನಿಂದ ಬಡಿದು ಕೈ ದಪ್ಪದ ಸೌದೆ ಸೀಳಿದ್ದೇನೆ. ಆರು ವರ್ಷ ಆಯಿತು, ಹಿಡಿ ಒಂದು ಕೂದಲಷ್ಟೂ ಅಲುಗಿಲ್ಲ. ತಗೊಂಡರೆ ಒಂದೇ ಸಲ, ಗಟ್ಟಿಯಾದದ್ದು ತಗೊಳ್ಳಿ.

ಸ್ಟಾಕ್‌ಹೋಮ್ ಕನ್ನಡಿಗ:
ಸೌದೆ ಸೀಳುವವರಿಗೆ ನಿಮ್ಮ ಮಾತು ನಿಜ. ಆದರೆ ಅವರ ಮನೆಯಲ್ಲಿ ಮೂರು ಕತ್ತಿ ಇವೆಯಲ್ಲ, ಸೀಳುವ ಕೆಲಸ ಅವು ಮಾಡುತ್ತವೆ. ಐದು ಮಿಲಿಮೀಟರ್ ದಪ್ಪದ ಚಾಕಿನಲ್ಲಿ ಒಂದು ಸೌತೆಕಾಯಿ ಹೆಚ್ಚಿ ನೋಡಿ. ಅದು ಕೊಯ್ಯುವುದಿಲ್ಲ, ಬೆಣೆಯ ಹಾಗೆ ಬಿರುಕು ಬಿಡಿಸುತ್ತದೆ. ಹಿಡಿಯ ವಿಷಯಕ್ಕೆ ಬಂದರೆ, ಬಾಲ ಎಷ್ಟು ಉದ್ದ ಅನ್ನುವುದಕ್ಕಿಂತ ಹಿಡಿ ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅನ್ನುವುದು ಮುಖ್ಯ. ತೋಟದ ದಾರಿಯವರ ಚಾಕಿನಲ್ಲಿ ಬಾಲ ಗಿಡ್ಡವೂ ಹೌದು, ಸಡಿಲವೂ ಹೌದು.

ಘಟ್ಟದ ಚಾರಣ:
ಸೌತೆಕಾಯಿ ಮಾತು ಒಪ್ಪಿದೆ. ಟೊಮೆಟೊ ಕೂಡ ಹಿಚುಕಿಬಿಡುತ್ತದೆ.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು, ಚಾರಣಕ್ಕೆ ಹೋಗುವವರು ಓದುತ್ತಿದ್ದರೆ ಗಮನಿಸಿ. ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವ ಹಾಗಿಲ್ಲ, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅಂದರೆ ಚಾಕು ಕೂಡ ಸೇರುತ್ತದೆ. ಕುಮಾರ ಪರ್ವತ ಪುಷ್ಪಗಿರಿ ಅಭಯಾರಣ್ಯದಲ್ಲಿದೆ. ಅಲ್ಲಿಗೆ ನಾನು ಚಾಕು ತಗೊಂಡು ಹೋಗುವುದಿಲ್ಲ. ನನ್ನದು ಏನಿದ್ದರೂ ನಮ್ಮ ಮಾವನ ತೋಟದಲ್ಲಿ.

ಕುಲುಮೆ ಮನೆ:
ತಡವಾಗಿ ನೋಡಿದೆ, ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮದು ಸಾಗರ ತಾಲ್ಲೂಕು. ತಂದೆ ಈಗಲೂ ಕುಲುಮೆ ನಡೆಸುತ್ತಾರೆ, ನಾನು ರಜೆಯಲ್ಲಿ ತಿದಿ ಒತ್ತಿ ಬೆಳೆದವನು.

ನಮ್ಮ ಕಡೆ ಕತ್ತಿ ಅಂದರೆ ಲಾರಿಯ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಇಎನ್ 45 ತರಹದ ಉಕ್ಕು ಇರುತ್ತದೆ, ಇಂಗಾಲ ಅರ್ಧ ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ, ಜೊತೆಗೆ ಸಿಲಿಕಾನ್. ಬಗ್ಗಿ ವಾಪಸ್ ಬರುವುದಕ್ಕೇ ಮಾಡಿದ ಉಕ್ಕು, ಮುರಿಯುವುದು ಕಷ್ಟ. ಆದರೆ ಸ್ಪ್ರಿಂಗ್‌ಗೆ ಕೊಟ್ಟ ಹದ ಚಾಕಿಗೆ ಸಾಲದು, ಮೆತ್ತಗಿರುತ್ತದೆ. ಪಟ್ಟಿಯನ್ನು ಬರೀ ಗ್ರೈಂಡರ್‌ನಲ್ಲಿ ಕತ್ತರಿಸಿ, ಚೂಪು ಮಾಡಿ 'ಸ್ಪ್ರಿಂಗ್ ಉಕ್ಕಿನ ಕತ್ತಿ' ಅಂತ ಸಂತೆಯಲ್ಲಿ ಮಾರುತ್ತಾರೆ. ಅದಕ್ಕೆ ಮೋಸ ಹೋಗಬೇಡಿ. ಬೆಂಕಿ ಕಂಡು, ಬಡಿಸಿಕೊಂಡು, ಮತ್ತೆ ಹದ ಆಗಿರಬೇಕು.

ತಂದೆ ಹದ ಹಾಕುವುದು ಸಂಜೆ ಹೊತ್ತು ಮಾತ್ರ. ಬಿಸಿಲಿನಲ್ಲಿ ಬೆಂಕಿಯ ಬಣ್ಣ ಸರಿಯಾಗಿ ಕಾಣುವುದಿಲ್ಲ. ಅಲಗು ಚೆರ್ರಿ ಹಣ್ಣಿನ ಕೆಂಪು ದಾಟಿ ಕಿತ್ತಳೆಗೆ ತಿರುಗುವ ಹೊತ್ತಿಗೆ ತೆಗೆಯುತ್ತಾರೆ. ನಾನು ಕಾಲೇಜಿನಲ್ಲಿ ಓದಿ ಬಂದ ಮೇಲೆ ಒಮ್ಮೆ ಅಯಸ್ಕಾಂತ ಹಿಡಿದು ನೋಡಿದೆ. ಉಕ್ಕು 770 ಡಿಗ್ರಿ ಹತ್ತಿರ ಬಂದಾಗ ಅಯಸ್ಕಾಂತಕ್ಕೆ ಅಂಟುವುದು ನಿಲ್ಲುತ್ತದೆ, ಹದಕ್ಕೆ ಅದಕ್ಕಿಂತ ಸ್ವಲ್ಪ ಮೇಲೆ ಹೋಗಬೇಕು. ತಂದೆ ಕಣ್ಣಳತೆಯಲ್ಲಿ ಪ್ರತಿ ಸಲ ಸರಿಯಾಗಿ ಅಲ್ಲೇ ತೆಗೆಯುತ್ತಿದ್ದರು. ಆಮೇಲೆ ಎಣ್ಣೆಗೆ, ಬಾಯಿ ಮೊದಲು. ಸುಂಯ್ ಅಂತ ಸದ್ದು, ಒಂದು ಕ್ಷಣ ಉರಿ ಎದ್ದು ಆರುತ್ತದೆ. ಆಗ ಅಲಗು ಗಾಜಿನ ಹಾಗೆ, ಕೈ ಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು. ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಬಿಸಿ ತೋರಿಸುತ್ತಾರೆ. ಬೆನ್ನಿನಿಂದ ಬಣ್ಣ ಹರಿದು ಬರುತ್ತದೆ, ಮೊದಲು ಹುಲ್ಲಿನ ಹಳದಿ, ಹಿಂದೆಯೇ ಕಂದು, ನೇರಳೆ, ನೀಲಿ. ಬಾಯಿಗೆ ಹಳದಿ ಮುಟ್ಟುವಾಗ ಬೆನ್ನು ನೀಲಿಯಾಗಿರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಿಮ್ಮ ಅಪ್ಪನ ಕತ್ತಿಯ ಬೆನ್ನು ಮೆತ್ತಗೆ ಇರುವುದಕ್ಕೆ ಇದೇ ಕಾರಣ.

ಕುಲುಮೆಗೆ ಹೋದರೆ ಎರಡು ವಿಷಯ ನೋಡಿ. ಮೊದಲನೆಯದು ಪಟ್ಟಿ. ವರ್ಷಗಟ್ಟಲೆ ಓಡಿದ ಲಾರಿಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಹದ ಹಾಕುವಾಗ ಅದು ಬಾಯಿ ಬಿಡುತ್ತದೆ. ತಂದೆ ಸ್ಪ್ರಿಂಗ್ ಕಟ್ಟುವ ಗ್ಯಾರೇಜಿನಿಂದ ಹೊಸ ಪಟ್ಟಿಯ ತುಂಡು ತರಿಸುತ್ತಾರೆ. ನೀವೂ ಒಂದು ಅಡಿ ತುಂಡು ಕೇಳಿ ತಗೊಂಡು ಹೋಗಿ.

ಇನ್ನೊಂದು, ಚಾಕು ಕೈಗೆ ಬಂದ ಮೇಲಿನ ಪರೀಕ್ಷೆ. ಪೆನ್ಸಿಲ್ ದಪ್ಪದ ಹಿತ್ತಾಳೆ ಕಡ್ಡಿಯ ಮೇಲೆ ಬಾಯಿಯನ್ನು ಓರೆಯಾಗಿ ಇಟ್ಟು ಒತ್ತಿ. ಬಾಯಿ ಸ್ವಲ್ಪ ಬಗ್ಗುವುದು ಬೆಳಕಿನಲ್ಲಿ ಕಾಣುತ್ತದೆ. ಬಿಟ್ಟಾಗ ನೆಟ್ಟಗಾದರೆ ಹದ ಸರಿ. ಬಗ್ಗಿದ್ದು ಬಗ್ಗಿದ ಹಾಗೇ ಉಳಿದರೆ ಮೆತ್ತಗೆ, ಉದುರಿದರೆ ಗಟ್ಟಿ ಜಾಸ್ತಿ. ಎರಡಾದರೂ ವಾಪಸ್ ಕೊಡಿ, ಒಳ್ಳೆಯ ಆಚಾರಿ ಬೇಜಾರು ಮಾಡಿಕೊಳ್ಳದೆ ಮತ್ತೆ ಬೆಂಕಿಗೆ ಹಾಕಿಕೊಡುತ್ತಾರೆ.

ಮಡಿಕೇರಿ ಮಂಜು:
ಎಷ್ಟು ಚೆನ್ನಾಗಿ ಬರೆದಿರಿ ಅಣ್ಣ. ನಮ್ಮ ಮನೆಯಲ್ಲಿ ಅಜ್ಜನ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಬಾಕು), ಒಡಿಕತ್ತಿ (ಅಗಲ ಅಲಗಿನ ದೊಡ್ಡ ಕತ್ತಿ) ಎರಡೂ ಇವೆ. ಹಬ್ಬದ ದಿನ ತೆಗೆದು ಎಣ್ಣೆ ಹಚ್ಚುವಾಗ ಆ ಬೆನ್ನಿನ ಬಣ್ಣ ಯಾಕೆ ಬೇರೆ ಅಂತ ಚಿಕ್ಕವನಿದ್ದಾಗಿನಿಂದ ಕೇಳುತ್ತಿದ್ದೆ. ಅಂದಹಾಗೆ ನಮ್ಮ ಕಡೆಯ ಹಳೆಯ ಮೂಸೆ ಉಕ್ಕಿಗೆ ಇಂಗ್ಲಿಷಿನವರು ಹೇಳುವ 'ವೂಟ್ಜ್' ಅನ್ನುವ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದದ್ದು ಅನ್ನುತ್ತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್, ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಇಂಥ ಕೆಲಸ ನಮ್ಮ ನೆಲದ್ದು ಅಂತ ನೆನೆದರೆ ಖುಷಿ.

ಕುಲುಮೆ ಮನೆ:
ಹೌದು. ಆ ಮೂಸೆ ಉಕ್ಕಿನ ಹದ ಬೇರೆಯೇ ವಿದ್ಯೆ, ಈಗಿನ ಸ್ಪ್ರಿಂಗ್ ಪಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಮನೆಯಲ್ಲಿ ಹಳೆಯ ಕತ್ತಿ ಇರುವವರು ದಯವಿಟ್ಟು ಅದನ್ನು ಕರೆಂಟಿನ ಸಾಣೆಗೆ ಕೊಡಬೇಡಿ. ಕಿಡಿ ಹಾರಿಸುತ್ತಾ ಉಜ್ಜುವಾಗ ಬಾಯಿ ಒಂದು ಕ್ಷಣ ನೀಲಿಯಾದರೆ ಸಾಕು, ಅಷ್ಟು ಜಾಗದ ಹದ ಹೋಯಿತು. ನೂರು ವರ್ಷ ಬಾಳಿದ ಕತ್ತಿಯನ್ನು ಹತ್ತು ಸೆಕೆಂಡಿನಲ್ಲಿ ಕೊಂದದ್ದನ್ನು ನೋಡಿದ್ದೇನೆ. ಕೈಯಲ್ಲಿ, ನೀರು ಹಾಕಿ, ಕಲ್ಲಿನ ಮೇಲೆ ಮಸೆಯಿರಿ.

ತೋಟದ ದಾರಿ:
ಇಷ್ಟು ಒಳ್ಳೆಯ ಮಾತು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ನಾಳೆ ಆಚಾರಿಯವರ ಹತ್ತಿರ ಹೋಗುತ್ತೇನೆ. ಜೊತೆಗೆ ಕಂಪ್ಯಾನಿಯನ್ ಸ್ಟೇನ್‌ಲೆಸ್ ಒಂದು ಹೇಳಿದ್ದೇನೆ. ಎರಡನ್ನೂ ಒಂದೇ ಕೆಲಸಕ್ಕೆ ಹಾಕಿ ನೋಡಿ ಬಂದು ಬರೆಯುತ್ತೇನೆ.

ತೋಟದ ದಾರಿ (ಏಳು ವಾರದ ನಂತರ):
ಮಾತು ಕೊಟ್ಟಿದ್ದೆ, ಬಂದೆ. ಮಳೆ ಹಿಡಿದಿದೆ, ಇವತ್ತು ತೋಟಕ್ಕೆ ಹೋಗಲು ಆಗಲಿಲ್ಲ.

ಆಚಾರಿಯವರಿಗೆ ಎಪ್ಪತ್ತು ದಾಟಿದೆ. ಅಪ್ಪನ ಕತ್ತಿ ತೋರಿಸಿದೆ. ಹಿಡಿ ಮುಟ್ಟುವ ಮೊದಲೇ ಅಲಗು ತಿರುಗಿಸಿ ಹಿಡಿಯ ಹತ್ತಿರ ಇರುವ ಒಂದು ಸಣ್ಣ ಗುರುತು ನೋಡಿ, 'ಇದು ನಮ್ಮಣ್ಣ ಮಾಡಿದ್ದು' ಅಂದರು. ಮನೆಯಲ್ಲಿ ನಾವ್ಯಾರೂ ಆ ಗುರುತನ್ನು ಗಮನಿಸಿಯೇ ಇರಲಿಲ್ಲ. ಗ್ಯಾರೇಜಿನಿಂದ ತಂದ ಪಟ್ಟಿಯ ತುಂಡು ಕೊಟ್ಟೆ. ನಾಲ್ಕು ಇಂಚಿನ ಅಲಗು, ಬೆನ್ನು 3 ಮಿಲಿಮೀಟರ್, ಬಾಲ ಹಿಡಿಯ ತುದಿ ದಾಟಿ ಬಂದು ಹಿಂದೆ ಬಡಿದು ಮಡಚಿದ್ದಾರೆ. ಬಾಲ ಕಾಯಿಸಿ ಮರದೊಳಗೆ ಇಳಿಸಿ, ಸಂದಿಗೆ ಅರಗು ತುಂಬಿದ್ದಾರೆ. ಹಿತ್ತಾಳೆ ಕಡ್ಡಿಯ ಪರೀಕ್ಷೆ ಅವರ ಎದುರಿಗೇ ಮಾಡಿದೆ. ಬಗ್ಗಿ ನೆಟ್ಟಗಾಯಿತು. ಅವರು ಏನೂ ಹೇಳಲಿಲ್ಲ, ನೋಡುತ್ತಾ ನಿಂತಿದ್ದರು, ಆಮೇಲೆ ಚಹಾ ತರಿಸಿದರು.

ಈಗ ಬಳಕೆಯ ವಿಷಯ. ಹಗ್ಗ, ಚೀಲ, ಪೈಪಿಗೆ ಮೋರಾ ಮುಂದೆ. ತೆಳ್ಳಗಿದೆ, ಜಾರಿದ ಹಾಗೆ ಕೊಯ್ಯುತ್ತದೆ. ಮಳೆಯಲ್ಲಿ ಎರಡು ದಿನ ಮರೆತು ಪಂಪ್‌ಹೌಸ್‌ನಲ್ಲಿ ಬಿಟ್ಟಿದ್ದೆ, ಒಂದು ಚುಕ್ಕೆ ತುಕ್ಕಿಲ್ಲ. ರಬ್ಬರ್ ಹಿಡಿ ಒದ್ದೆ ಕೈಯಲ್ಲಿ ಜಾರುವುದಿಲ್ಲ, ಇದು ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ವಿಷಯ. ಗೂಟ ಚೂಪು ಮಾಡಲು, ಒಣಗಿದ ಮೆಣಸಿನ ಬಳ್ಳಿ ಸವರಲು ಆಚಾರಿಯವರದೇ ಮುಂದೆ. ತೂಕ ಇದೆ, ಕೈಗೆ ಶ್ರಮ ಕಡಿಮೆ. ಹತ್ತು ಗೂಟ ಕೆತ್ತಿದ ಮೇಲೂ ಕಾಗದ ಕೊಯ್ಯಿತು. ಬಾಳೆಯ ಸೋನೆಗೆ ಅಲಗು ಮೊದಲ ದಿನವೇ ಕಪ್ಪಾಯಿತು, ಗಾಬರಿಯಾಗಿ ಉಜ್ಜಿದೆ, ಮತ್ತೆ ಕಪ್ಪಾಯಿತು, ಈಗ ಪೂರ್ತಿ ಬೂದು ನೀಲಿ.

ಒಂದೇ ಸಮಸ್ಯೆ. ಇದಕ್ಕೆ ಚರ್ಮದ ಒರೆ ಮಾಡಿಸಿದೆ, ಹತ್ತು ದಿನಕ್ಕೆ ಅಲಗಿನ ಮೇಲೆ ಕೆಂಪು ಚುಕ್ಕೆ. ಒರೆಸಿ ಎಣ್ಣೆ ಹಚ್ಚಿಯೇ ಇಟ್ಟಿದ್ದೆ. ಏನು ಮಾಡಲಿ?

ಗಂಗೊಳ್ಳಿ ಅಕ್ಕ:
ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿ ಇಡಬೇಡಿ ತಮ್ಮ. ಚರ್ಮ ನೀರು ಹೀರಿಕೊಂಡು ಅಲಗಿಗೆ ಅಂಟಿಕೊಂಡು ಕೂರುತ್ತದೆ. ಒರೆಯನ್ನು ಕೆಲಸದ ಹೊತ್ತಿಗೆ ಮಾತ್ರ ಬಳಸಿ, ಮನೆಗೆ ಬಂದ ಕೂಡಲೇ ಚಾಕು ಹೊರಗೆ ತೆಗೆದು ಒಲೆಯ ಹತ್ತಿರ ಗೋಡೆಗೆ ಸಿಕ್ಕಿಸಿ. ನಮ್ಮ ಮೆಟ್ಟುಕತ್ತಿ ಅಲ್ಲೇ ಇರುವುದು. ತೆಂಗಿನೆಣ್ಣೆ ತೆಳ್ಳಗೆ ಸಾಕು. ಆ ಕಪ್ಪು ಬಣ್ಣವನ್ನು ಮಾತ್ರ ಉಜ್ಜಿ ತೆಗೆಯಬೇಡಿ, ಕೆಂಪು ತುಕ್ಕು ಬೇಗ ಬರದ ಹಾಗೆ ಅದೇ ಸ್ವಲ್ಪ ಕಾಯುತ್ತದೆ.

ಕುಲುಮೆ ಮನೆ:
ಅಕ್ಕ ಹೇಳಿದ್ದು ಸರಿ. ಕೆಂಪು ಚುಕ್ಕೆಯನ್ನು ಒಲೆಯ ಬೂದಿ, ಎಣ್ಣೆ ಸೇರಿಸಿ ಬಟ್ಟೆಯಲ್ಲಿ ತಿಕ್ಕಿ, ಹೋಗುತ್ತದೆ. ನಿಮ್ಮ ಆಚಾರಿಯವರ ಹತ್ತಿರ ಮರದ ಕೊಕ್ಕೆ ಇದ್ದರೆ ಕೇಳಿ, ಸೊಂಟದ ಹಿಂದೆ ಕಟ್ಟುವುದು. ಅದರಲ್ಲಿ ಗಾಳಿ ಆಡುತ್ತದೆ, ಅಲಗು ಒದ್ದೆ ಇರುವುದಿಲ್ಲ. ಅವರ ಗುರುತಿನ ಒಂದು ಫೋಟೋ ಹಾಕುತ್ತೀರಾ? ತಂದೆಗೆ ತೋರಿಸಬೇಕು.

ತೋಟದ ದಾರಿ:
ಮಳೆ ನಿಂತ ಕೂಡಲೇ ಕೊಕ್ಕೆ ಕೇಳಲು ಹೋಗುತ್ತೇನೆ. ಫೋಟೋ ನಾಳೆ ಬೆಳಿಗ್ಗೆ ಬೆಳಕಿನಲ್ಲಿ ತೆಗೆದು ಹಾಕುವೆ, ಅಪ್ಪನ ಕತ್ತಿ ಮತ್ತು ನನ್ನ ಚಾಕು ಎರಡನ್ನೂ ಪಕ್ಕಪಕ್ಕ ಇಟ್ಟು.